ಕಾಲೇಜು ಐಸ್ ಹಾಕಿ ನಿಯಮ ಬದಲಾಯಿಸುತ್ತಿರುವುದು ಯಾರಿಗೋಸ್ಕರ?

ಬಾಸ್ಟನ್_ಬಸವ

ಮೊದಲೇ ಹೇಳಿಬಿಡುತ್ತೇನೆ, ಇದು ಅಮೆರಿಕದ ಕಾಲೇಜುಗಳ ಐಸ್ ಹಾಕಿ ಮಾತು. ನಮ್ಮ ಧನರಾಜ್ ಪಿಳ್ಳೆ ಆಡಿದ ಹಾಕಿ ಅಲ್ಲ. ಆಸಕ್ತಿ ಇಲ್ಲದವರು ಇದೇ ಸ್ಟಾಪ್‌ನಲ್ಲಿ ಇಳಿದುಕೊಳ್ಳಬಹುದು.

ನಾನು ಬಾಸ್ಟನ್‌ಗೆ ಬಂದು 19 ವರ್ಷ ಆಯಿತು. ಬಂದ ಮೊದಲ ಚಳಿಗಾಲದಲ್ಲೇ ರೂಮ್‌ಮೇಟ್ ಒಬ್ಬ ಕಾಲೇಜು ಹಾಕಿಗೆ ಎಳೆದುಕೊಂಡು ಹೋದ. ಅವತ್ತು ಹಿಡಿದ ಹುಚ್ಚು ಇನ್ನೂ ಬಿಟ್ಟಿಲ್ಲ. ಹೋದ ಶುಕ್ರವಾರ ಮಗಳನ್ನು ಕರೆದುಕೊಂಡು ಹೋಗಿದ್ದೆ. 60 ನಿಮಿಷ ಎರಡೂ ತಂಡದವರು ಜಿದ್ದಿಗೆ ಬಿದ್ದು ಆಡಿದರು, 2-2. ಗಂಟಲು ಕಿತ್ತುಹೋಗುವಷ್ಟು ಕೂಗಿದ್ದೆವು. ಆಮೇಲೆ ಓವರ್‌ಟೈಮ್. ಈಗಿನ ನಿಯಮದ ಪ್ರಕಾರ ಒಂದೊಂದು ಕಡೆ ಗೋಲಿ (ಗೋಲ್‌ಕೀಪರ್) ಬಿಟ್ಟು ಐದರ ಬದಲು ಬರೀ ಮೂರು ಜನ, 5 ನಿಮಿಷ. ಅಷ್ಟು ದೊಡ್ಡ ರಿಂಕ್‌ನಲ್ಲಿ, ಅಂದರೆ ಮಂಜುಗಡ್ಡೆಯ ಅಂಗಳದಲ್ಲಿ, ಆರು ಜನ ಸುತ್ತು ಹಾಕುವುದನ್ನು ನೋಡಿದರೆ, ಮದುವೆ ಮುಗಿದ ಮೇಲೆ ಛತ್ರದಲ್ಲಿ ಕುರ್ಚಿ ಎತ್ತಿಡುವವರು ಓಡಾಡಿದ ಹಾಗಿತ್ತು. ಗೋಲ್ ಆಗಲಿಲ್ಲ. ಶೂಟ್‌ಔಟ್ ಆಯಿತು, ಅಂದರೆ ಒಬ್ಬೊಬ್ಬರೇ ಬಂದು ಗೋಲಿ ಎದುರು ಹೊಡೆಯುವುದು. ನಮ್ಮವರು ಗೆದ್ದರು. ಪಕ್ಕದಲ್ಲಿದ್ದ ಹುಡುಗರು ಕುಣಿದರು.

ಕಾರಿನಲ್ಲಿ ಮಗಳು ಫೋನ್ ನೋಡಿ ಕೇಳಿದಳು, "ಅಪ್ಪಾ, ಇಲ್ಲಿ ಡ್ರಾ ಅಂತ ಬರೆದಿದಾರಲ್ಲ, ನಾವು ಗೆದ್ವಾ ಇಲ್ವಾ?" ಏನು ಹೇಳಲಿ? ಕಾಲೇಜು ಕ್ರೀಡೆ ನಡೆಸುವ ಎನ್‌ಸಿಎಎ ಸಂಸ್ಥೆಯ ಲೆಕ್ಕದಲ್ಲಿ ಅದು ಡ್ರಾನೇ. ಶೂಟ್‌ಔಟ್ ಇರುವುದು ಲೀಗ್ ಪಾಯಿಂಟ್‌ಗೆ ಮಾತ್ರ. ಗೆದ್ದೂ ಗೆಲ್ಲದ ಹಾಗೆ.

2020-21ರ ಸೀಸನ್‌ನಿಂದ ಈ ಮೂರು ಮೂರು ಜನರ ಓವರ್‌ಟೈಮ್ ಎಲ್ಲ ಕಡೆ ಕಡ್ಡಾಯ. ಹೊಸ ಪ್ರೇಕ್ಷಕರಿಗೆ ಮಜಾ ಸಿಗಲಿ ಅಂತ ಎಲ್ಲರೂ ಸಮರ್ಥನೆ ಕೊಡುತ್ತಾರೆ. ನನ್ನ ಪ್ರಶ್ನೆ ಇಷ್ಟೇ: ಹೀಗೆ ಬರುವವರು ಸರಿಯಾದ ಪ್ರೇಕ್ಷಕರಾ? ಮುಂದಿನ ವರ್ಷವೂ ಬರ್ತಾರಾ? ಅಥವಾ ಐದು ನಿಮಿಷದ ವಿಡಿಯೊ ನೋಡಿ ಹೋಗುವವರಾ?

ಮಂಡ್ಯದ್_ಹೈದ

ಸರಿಯಾದ ಪ್ರೇಕ್ಷಕ ಅಂದ್ರೆ ಯಾರು ಸಾರ್? ಗೇಟಲ್ಲಿ ಆಧಾರ್ ಕಾರ್ಡ್ ತೋರಿಸಬೇಕಾ?

ರೂಲ್‌ಬುಕ್_ರಾಯರು

ಬಸವ ಅವರೇ, ಸ್ವಲ್ಪ ತಿದ್ದುಪಡಿ. ನೀವು ಹೇಳಿದ್ದು ಮಾಮೂಲಿ ಸೀಸನ್‌ಗೆ ಮಾತ್ರ. ಎನ್‌ಸಿಎಎ ಟೂರ್ನಮೆಂಟ್‌ನಲ್ಲಿ, ಅಂದರೆ ಕೊನೆಯ 16 ತಂಡಗಳ ನಾಕೌಟ್‌ನಲ್ಲಿ, ಇವತ್ತಿಗೂ ಐದೈದು ಜನರೇ ಆಡುವುದು. 20 ನಿಮಿಷದ ಓವರ್‌ಟೈಮ್, ಗೋಲ್ ಆಗುವವರೆಗೂ ಮತ್ತೆ ಮತ್ತೆ. ರಾತ್ರಿ ಎಷ್ಟು ಹೊತ್ತಾದರೂ ಸರಿ. ಅಲ್ಲಿ ಯಾರೂ ಕೈ ಹಾಕಿಲ್ಲ.

ಇನ್ನು ಪಾಯಿಂಟ್ ಲೆಕ್ಕ. ದೊಡ್ಡ ಲೀಗ್‌ಗಳಲ್ಲಿ 60 ನಿಮಿಷದಲ್ಲಿ ಗೆದ್ದರೆ 3, ಓವರ್‌ಟೈಮ್ ಅಥವಾ ಶೂಟ್‌ಔಟ್‌ನಲ್ಲಿ ಗೆದ್ದರೆ 2, ಅಲ್ಲಿ ಸೋತವರಿಗೆ 1. ಹಾಗಾಗಿ ನಿಮ್ಮ ಮಗಳಿಗೆ ಉತ್ತರ: "ಮೂರರಲ್ಲಿ ಎರಡು ಭಾಗ ಗೆದ್ವಿ ಪುಟ್ಟಿ."

ಬಾಸ್ಟನ್_ಬಸವ

ರಾಯರೇ, ಹನ್ನೊಂದು ವರ್ಷದ ಹುಡುಗಿಗೆ ಭಿನ್ನರಾಶಿಯಲ್ಲಿ ಗೆಲುವು ಹೇಳಬೇಕಾದರೆ ಅದೇ ಸಮಸ್ಯೆ ಅಲ್ವಾ?

ಮಿನಿಯಾಪೊಲಿಸ್_ಮಾವ

ಓವರ್‌ಟೈಮ್ ಹಿಡಿದುಕೊಂಡು ಯಾಕೆ ಕೂತಿದ್ದೀರಿ, ಅದು ಹುಣ್ಣಲ್ಲ, ಬರೀ ಮೇಲಿನ ತುರಿಕೆ. ನಮ್ಮ ಊರಿನ ಕಥೆ ಕೇಳಿ.

ನಾನು 2004ರಿಂದ ಇಲ್ಲಿದ್ದೇನೆ. ಆಗ ನಮ್ಮ ಮಿನೆಸೋಟ ಯೂನಿವರ್ಸಿಟಿ ಮತ್ತು ಪಕ್ಕದ ರಾಜ್ಯದ ನಾರ್ತ್ ಡಕೋಟ ಒಂದೇ ಲೀಗ್‌ನಲ್ಲಿ ಇದ್ದವು. ಆ ಎರಡು ತಂಡ ಎದುರಾದರೆ ಹುಡುಗಾಟ ಅಲ್ಲ. ಆಫೀಸಿನಲ್ಲಿ ನಮ್ಮ ಟೀಮ್‌ನ ಒಬ್ಬಾತ ಡಕೋಟದವನು, ಆ ವಾರ ಪೂರ್ತಿ ನನ್ನ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಮಾತೇ ಆಡುತ್ತಿರಲಿಲ್ಲ. ಅಲ್ಲಿಂದ ಹಿಮದಲ್ಲಿ ಗಂಟೆಗಟ್ಟಲೆ ಕಾರು ಓಡಿಸಿಕೊಂಡು ಬಂದು ಹಸಿರು ಅಂಗಿ ಹಾಕಿಕೊಂಡು ನಮ್ಮ ರಿಂಕ್‌ನಲ್ಲೇ ನಮ್ಮನ್ನು ಬೈಯುತ್ತಿದ್ದರು. ನಾವೂ ಸುಮ್ಮನಿರುತ್ತಿರಲಿಲ್ಲ.

ಆಮೇಲೆ ಪೆನ್ ಸ್ಟೇಟ್ ಯೂನಿವರ್ಸಿಟಿಗೆ ಒಬ್ಬ ದೊಡ್ಡ ಸಾಹುಕಾರರು ದುಡ್ಡು ಕೊಟ್ಟರು, ಅವರು 2012ರಲ್ಲಿ ಮೇಲಿನ ಡಿವಿಷನ್‌ಗೆ ಬಂದರು. ಅಲ್ಲಿಗೆ ಬಿಗ್ ಟೆನ್ ಅನ್ನುವ ಕಾಲೇಜು ಕೂಟದಲ್ಲಿ ಹಾಕಿ ಆಡುವ ಆರು ಕಾಲೇಜು ಆಯಿತು, ಹಾಕಿಗೇ ಬೇರೆ ಲೀಗ್ ಮಾಡಿದರು. 2013-14ರಿಂದ ನಾವು ಬಿಗ್ ಟೆನ್‌ನಲ್ಲಿ, ನಾರ್ತ್ ಡಕೋಟ ಬೇರೆ ಲೀಗ್‌ನಲ್ಲಿ. ಯಾಕೆ? ಟಿವಿ. ಬಿಗ್ ಟೆನ್‌ಗೆ ಅದರದೇ ಚಾನೆಲ್ ಇದೆಯಲ್ಲ, ಅದಕ್ಕೆ ತುಂಬಿಸಲು ಏನಾದರೂ ಬೇಕು. ದೇಶ ಪೂರ್ತಿ ನೋಡುತ್ತದೆ ಅಂದರು. ದೇಶ ನೋಡಿತೋ ಬಿಟ್ಟಿತೋ, ನನ್ನ ಸಾಲಿನಲ್ಲಿ ಕೂರುತ್ತಿದ್ದ ಮುದುಕ ಗಂಡ ಹೆಂಡತಿ ಮೂರನೇ ವರ್ಷಕ್ಕೆ ಸೀಸನ್ ಟಿಕೆಟ್ ಬಿಟ್ಟರು. ಆ ಅಜ್ಜ ಹೇಳಿದ್ದು ಇನ್ನೂ ನೆನಪಿದೆ, "ಇವರನ್ನ ಸೋಲಿಸಿದರೆ ನನಗೆ ಖುಷಿ ಆಗಲ್ಲ, ನನಗೆ ಇವರ ಮೇಲೆ ಸಿಟ್ಟೇ ಇಲ್ಲ."

ಅದನ್ನು ಯಾವ ನಿಯಮದ ಪುಸ್ತಕದಲ್ಲಿ ಬರೆಯುತ್ತೀರಿ?

ಮಂಡ್ಯದ್_ಹೈದ

ಮಾವ, ಅಜ್ಜನ ಡೈಲಾಗ್ ಸೂಪರ್.

ಆನ್‌ಆರ್ಬರ್_ಅನು

ನಾನು ಬಸವ ಸರ್ ಹೇಳುವ "ತಪ್ಪು ಪ್ರೇಕ್ಷಕಿ". ಒಪ್ಪಿಕೊಂಡೆ.

ಎರಡು ವರ್ಷದ ಹಿಂದೆ ಪಿಎಚ್‌ಡಿಗೆ ಬಂದೆ. ಹಾಕಿ ಅಂದರೆ ಏನೂ ಗೊತ್ತಿರಲಿಲ್ಲ. ಫೋನಿನಲ್ಲಿ ಯಾರೋ ಕಳಿಸಿದ ಒಂದು ಕ್ಲಿಪ್ ನೋಡಿದೆ, ಅದೇ ನೀವು ಬೈಯುತ್ತಿರುವ ಮೂರು ಮೂರು ಜನರ ಓವರ್‌ಟೈಮ್. ಒಬ್ಬ ಇಡೀ ರಿಂಕ್ ಉದ್ದಕ್ಕೂ ಒಬ್ಬನೇ ಬಂದು ಗೋಲ್ ಹಾಕಿದ. ಐದೈದು ಜನ ಇದ್ದಾಗ ನನಗೆ ಪಕ್ (ಚೆಂಡಿನ ಬದಲು ಇರುವ ರಬ್ಬರ್ ಬಿಲ್ಲೆ) ಎಲ್ಲಿದೆ ಅಂತಾನೇ ಕಾಣುತ್ತಿರಲಿಲ್ಲ, ನಿಜ ಹೇಳುತ್ತಿದ್ದೇನೆ. ಆರು ಜನ ಇದ್ದಾಗ ಕಂಡಿತು. ಕಂಡಿದ್ದರಿಂದ ನಮ್ಮ ಮಿಷಿಗನ್ ಯೂನಿವರ್ಸಿಟಿಯ ರಿಂಕ್ ಯೋಸ್ಟ್‌ಗೆ ಹೋದೆ.

ಅಲ್ಲಿ ವಿದ್ಯಾರ್ಥಿಗಳ ಕಡೆ ನಿಂತರೆ ಬೇರೆಯೇ ಲೋಕ. ನಮ್ಮವರು ಗೋಲ್ ಹಾಕಿದ ತಕ್ಷಣ ಎಲ್ಲರೂ ಎದುರು ಗೋಲಿ ಕಡೆ ಬೆರಳು ತೋರಿಸಿ ಒಂದೇ ಸಮ "ಸೀವ್! ಸೀವ್!" ಅಂತಾರೆ. ಅಂದರೆ ಜರಡಿ. ಅಮ್ಮನಿಗೆ ಫೋನ್ ಮಾಡಿ ಹೇಳಿದೆ, ಇಲ್ಲಿ ಗೋಲ್‌ಕೀಪರ್‌ಗೆ ಜರಡಿ ಅಂತ ಬೈತಾರೆ ಅಂತ. ಅಮ್ಮ "ಅಷ್ಟು ದೊಡ್ಡ ಯೂನಿವರ್ಸಿಟಿ, ಬೈಯೋದಕ್ಕೆ ಜರಡಿಗಿಂತ ಒಳ್ಳೇದು ಸಿಗಲಿಲ್ವಾ" ಅಂದರು.

ಈಗ ಎರಡನೇ ವರ್ಷ. ಒಂದೇ ಒಂದು ಹೋಮ್ ಮ್ಯಾಚ್ ಬಿಟ್ಟಿಲ್ಲ. ಪಕ್ ಈಗ ಐದೈದು ಜನ ಇದ್ದರೂ ಕಾಣುತ್ತದೆ. ಹಾಗಾದರೆ ನಾನು ಯಾವಾಗ ಸರಿಯಾದ ಪ್ರೇಕ್ಷಕಿ ಆದೆ, ಹೇಳಿ ಸರ್. ಮೊದಲ ದಿನವಾ? ಹತ್ತನೇ ಮ್ಯಾಚ್‌ಗಾ?

ಬಾಸ್ಟನ್_ಬಸವ

ಅನು ಅವರೇ, ಕ್ಷಮಿಸಿ, ನಿಮಗೆ ಹೇಳಿದ್ದಲ್ಲ. ನಿಮ್ಮಂಥವರು ನೂರರಲ್ಲಿ ಹತ್ತು. ಉಳಿದ ತೊಂಬತ್ತು ಜನ ಮೂರರಲ್ಲಿ ಎರಡನೇ ಪೀರಿಯಡ್ ಮುಗಿದ ಕೂಡಲೇ ಜಾಕೆಟ್ ಹಾಕಿಕೊಳ್ಳುತ್ತಾರೆ.

ಆನ್‌ಆರ್ಬರ್_ಅನು

ನೂರರಲ್ಲಿ ಹತ್ತು ಸಿಕ್ಕರೆ ಸಾಲದಾ? ಅಂಗಡಿ ಇಟ್ಟವರನ್ನು ಕೇಳಿ ನೋಡಿ.

ಸ್ಪಾರ್ಟನ್_ಶೆಟ್ರು

ಡ್ರಾ ಆದರೆ ಜನ ಬೇಜಾರಾಗುತ್ತಾರೆ, ಅದಕ್ಕೇ ನಿಯಮ ಬದಲಾಯಿಸಬೇಕಾಯಿತು ಅನ್ನುವವರಿಗೆ ಒಂದು ಹಳೇ ಸುದ್ದಿ. 2001ರ ಅಕ್ಟೋಬರ್ 6ರಂದು ಈಸ್ಟ್ ಲ್ಯಾನ್ಸಿಂಗ್‌ನಲ್ಲಿ ಫುಟ್‌ಬಾಲ್ ಸ್ಟೇಡಿಯಂ ಒಳಗೆ ಮಂಜುಗಡ್ಡೆ ಹಾಕಿ ಮಿಷಿಗನ್ ಮತ್ತು ನಮ್ಮ ಮಿಷಿಗನ್ ಸ್ಟೇಟ್ ಆಡಿದವು. ಬಂದಿದ್ದು 74,544 ಜನ. ಆಗ ಅದು ವಿಶ್ವದಾಖಲೆ. ಇವತ್ತು ಎಲ್ಲರೂ ಬಯಲಲ್ಲಿ ಹಾಕಿ ಆಡಿಸುತ್ತಾರಲ್ಲ, ಆ ಹುಚ್ಚಿಗೆ ದಾರಿ ಮಾಡಿದ್ದೇ ಆ ಮ್ಯಾಚ್.

ಫಲಿತಾಂಶ ಗೊತ್ತಾ? 3-3. ಡ್ರಾ.

ನನ್ನ ಸೀನಿಯರ್ ಒಬ್ಬರು ಅಲ್ಲಿದ್ದರು. ಕಾಲು ಮರಗಟ್ಟಿತ್ತು, ಯಾರು ಗೆದ್ದರು ಅಂತ ಯಾರಿಗೂ ಬೇಕಿರಲಿಲ್ಲ, ಬೆಳಗಿನ ಜಾವದವರೆಗೆ ಅದೇ ಮಾತು ಅಂತಾರೆ.

ರೂಲ್‌ಬುಕ್_ರಾಯರು

ಅದೇ ಜೋಡಿ 2010ರ ಡಿಸೆಂಬರ್ 11ಕ್ಕೆ ಆನ್ ಆರ್ಬರ್‌ನ ದೊಡ್ಡ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಆಡಿದಾಗ ಗಿನ್ನೆಸ್‌ನವರು ಎಣಿಸಿದ್ದು 1,04,173. ಮಿಷಿಗನ್ 5-0. ಏಕಪಕ್ಷೀಯ ಮ್ಯಾಚ್, ಆದರೂ ಅಷ್ಟು ಜನ.

ಮಂಡ್ಯದ್_ಹೈದ

ಜಾತ್ರೆಗೆ ಬಂದವರೆಲ್ಲ ಮಂಗಳವಾರ ದೇವಸ್ಥಾನಕ್ಕೆ ಬರ್ತಾರಾ ಶೆಟ್ರೇ? ತೇರು ಎಳೆದ್ರು, ಕಡ್ಲೆಪುರಿ ತಿಂದ್ರು, ಹೋದ್ರು. ಅದೇನು ಲೆಕ್ಕ?

ಸ್ಪಾರ್ಟನ್_ಶೆಟ್ರು

ಜಾತ್ರೆಗಾದರೂ ಬರಬೇಕಲ್ಲ ಮಾರಾಯ. ದೇವರು ಯಾರು ಅಂತ ಗೊತ್ತಾಗುವುದು ಹೇಗೆ?

ಕೊಡಗಿನ_ಕಾಫಿ

ಐಸ್ ಹಾಕಿ ನಾನು ನೋಡಿಲ್ಲ. ಆದರೆ ಇದೇ ಜಗಳ ನಮ್ಮ ಹಾಕಿಯಲ್ಲೂ ಆಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ಬಸವ ಅವರು ಇಳಿದುಕೊಳ್ಳಿ ಅಂದರೂ ನಾನು ಇಳಿಯಲ್ಲ.

2016ರಲ್ಲಿ ಹಾಕಿ ಇಂಡಿಯಾ ಲೀಗ್‌ನವರು ಒಂದು ನಿಯಮ ತಂದರು. ಫೀಲ್ಡ್ ಗೋಲ್ ಹೊಡೆದರೆ ಎರಡು ಗೋಲ್ ಅಂತ ಲೆಕ್ಕ, ಪೆನಾಲ್ಟಿ ಕಾರ್ನರ್‌ನಲ್ಲಿ ಹೊಡೆದರೆ ಒಂದೇ. ಆಟಗಾರರು ಕಾರ್ನರ್‌ಗೋಸ್ಕರ ಕಾಯದೆ ನೇರ ಗೋಲ್ ಹೊಡೆಯಲಿ, ಟಿವಿಯಲ್ಲಿ ಸ್ಕೋರ್ ಚೆನ್ನಾಗಿ ಕಾಣಲಿ ಅಂತ. 2017ರಲ್ಲೂ ಹಾಗೇ ನಡೆಯಿತು, ಆಮೇಲೆ ಲೀಗೇ ನಿಂತು 2024ರ ಡಿಸೆಂಬರ್‌ನಲ್ಲಿ ಮತ್ತೆ ಶುರುವಾಯಿತು. ನಮ್ಮ ತಂದೆ ಆ ಸ್ಕೋರ್ ನೋಡಿ "ಇದೇನು ಹಾಕಿನಾ, ಬಾಸ್ಕೆಟ್‌ಬಾಲಾ" ಅಂದು ಚಾನೆಲ್ ಬದಲಾಯಿಸಿದ್ದರು. ಅವರು ನಲವತ್ತು ವರ್ಷ ಹಾಕಿ ನೋಡಿದವರು.

ಇನ್ನೊಂದು ಕಡೆ ನಮ್ಮ ಕೊಡವ ಹಾಕಿ ಹಬ್ಬ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪ ಅವರು ಶುರು ಮಾಡಿದಾಗ 60 ಒಕ್ಕಗಳು, ಅಂದರೆ ಮನೆತನಗಳು, ಆಡಿದ್ದು. 2025ರಲ್ಲಿ ಮುದ್ದಂಡ ಒಕ್ಕದವರು ಮಡಿಕೇರಿಯಲ್ಲಿ ನಡೆಸಿದಾಗ 396 ತಂಡ. ಯಾವ ಟಿವಿಯವರೂ ಅದಕ್ಕೆ ನಿಯಮ ಬರೆದುಕೊಡಲಿಲ್ಲ. ಒಂದೇ ನಿಯಮ, ಒಂದು ಮನೆತನ ಒಂದು ತಂಡ. ಅಪ್ಪ, ಮಗಳು, ಚಿಕ್ಕಪ್ಪ ಎಲ್ಲ ಒಂದೇ ತಂಡದಲ್ಲಿ ಸ್ಟಿಕ್ ಹಿಡಿಯಬಹುದು. ನಮ್ಮ ಅಜ್ಜಿಗೆ ಪೆನಾಲ್ಟಿ ಕಾರ್ನರ್ ಅಂದರೆ ಏನು ಅಂತ ಇವತ್ತಿಗೂ ಗೊತ್ತಿಲ್ಲ. ಆದರೆ ಎದುರು ಒಕ್ಕದ ಹುಡುಗ ಓಡಿ ಬಂದರೆ "ಅವನ ಅಜ್ಜನೂ ಹಿಂಗೇ ಅಡ್ಡಾದಿಡ್ಡಿ ಓಡ್ತಿದ್ದ" ಅನ್ನುತ್ತಾರೆ. ಕೊಡೆ ಹಿಡಿದುಕೊಂಡು ಬಿಸಿಲಲ್ಲಿ ಮೂರು ಮ್ಯಾಚ್ ಕೂರುತ್ತಾರೆ.

ಅಜ್ಜಿ ಸರಿಯಾದ ಪ್ರೇಕ್ಷಕಿನಾ ಅಲ್ವಾ, ನೀವೇ ಹೇಳಿ.

ಮಿನಿಯಾಪೊಲಿಸ್_ಮಾವ

ಅಜ್ಜಿಗೆ ನಮಸ್ಕಾರ ತಿಳಿಸಿ. ನನ್ನ ಪಕ್ಕದ ಸೀಟು ಖಾಲಿ ಇದೆ.

ಬೆಂಗಳೂರ್_ಗೋಲಿ

ಕೊಡಗಿನವರೇ, ಅಜ್ಜಿ ವಿಷಯ ಬಿಟ್ಟರೆ ಉಳಿದಿದ್ದಕ್ಕೆ ನನ್ನ ತಕರಾರಿದೆ. ನಾನು ಕಾಲೇಜು ಮಟ್ಟದಲ್ಲಿ ಏಳು ವರ್ಷ ಗೋಲ್ ಕಾದವನು. ಹುಲ್ಲಿನ ಮೇಲೂ ನಿಂತಿದ್ದೇನೆ, ಟರ್ಫ್ ಮೇಲೂ ನಿಂತಿದ್ದೇನೆ. ನಿಯಮ ಬದಲಾದಾಗಲೆಲ್ಲ ಹಳಬರು ಅಳುತ್ತಾರೆ. ಆಫ್‌ಸೈಡ್ ತೆಗೆದಾಗ ಹಾಕಿ ಸತ್ತಿತು ಅಂದರು. ಸಾಯಲಿಲ್ಲ, ವೇಗ ಬಂತು. 2009ರಲ್ಲಿ ಸೆಲ್ಫ್ ಪಾಸ್ ತಂದರು, ಅಂದರೆ ಫ್ರೀ ಹಿಟ್ ಸಿಕ್ಕವನು ಇನ್ನೊಬ್ಬನಿಗೆ ಕೊಡದೆ ತಾನೇ ಚೆಂಡು ತಗೊಂಡು ಓಡಬಹುದು. ನನ್ನ ಅನುಭವದಲ್ಲಿ ಅಷ್ಟು ಒಳ್ಳೆಯ ಬದಲಾವಣೆ ಇನ್ನೊಂದಿಲ್ಲ. ಮುಂಚೆ ಸೀಟಿ ಊದಿದರೆ ನಾನು ಪ್ಯಾಡ್ ಸರಿ ಮಾಡಿಕೊಳ್ಳುತ್ತಿದ್ದೆ, ನೀರು ಕುಡಿಯುತ್ತಿದ್ದೆ. ಆಮೇಲೆ ಉಸಿರಾಡುವುದಕ್ಕೂ ಟೈಮ್ ಸಿಗಲಿಲ್ಲ.

2014ರಲ್ಲಿ 35 ನಿಮಿಷದ ಎರಡು ಭಾಗ ಹೋಗಿ 15 ನಿಮಿಷದ ನಾಲ್ಕು ಭಾಗ ಆಯಿತು. ಜಾಹೀರಾತಿಗೆ ಅಂತ ಎಲ್ಲರಿಗೂ ಗೊತ್ತು. ಆದರೆ ಹೆಲ್ಮೆಟ್ ಒಳಗೆ ಬೆವರು ಕಣ್ಣಿಗೆ ಇಳಿಯುವಾಗ ಆ ಎರಡು ನಿಮಿಷದ ಬಿಡುವು ಯಾವ ಕಾರಣಕ್ಕೆ ಬಂತು ಅಂತ ಗೋಲಿ ಕೇಳಲ್ಲ.

ಕೊಡಗಿನ_ಕಾಫಿ

ಸೆಲ್ಫ್ ಪಾಸ್ ಒಪ್ಪಿದೆ. ಅದು ಆಟ ಆಡುವವರಿಗೆ ಮಾಡಿದ ನಿಯಮ. ಡಬಲ್ ಗೋಲ್ ನೋಡುವವರಿಗೆ ಮಾಡಿದ್ದು. ವ್ಯತ್ಯಾಸ ಅಲ್ಲೇ ಇದೆ.

ಬಾಸ್ಟನ್_ಬಸವ

ಇದು ನಾನು ಹೇಳಬೇಕು ಅಂದುಕೊಂಡು ಹೇಳಲಾಗದ ಮಾತು. ಬರೆದಿಟ್ಟುಕೊಂಡೆ.

ಪಕ್_ಪುಟ್ಟಣ್ಣ

ನೋಡುವವರಿಗೆ ಮಾಡಿದ್ದು ಅಂದಾಗ ಫಾಕ್ಸ್ ಚಾನೆಲ್‌ನವರ ಹೊಳೆಯುವ ಪಕ್ ನೆನಪಾಯಿತು. ಕಾಲೇಜು ಅಲ್ಲ, ವೃತ್ತಿಪರರ ಲೀಗ್ ಎನ್‌ಎಚ್‌ಎಲ್. 1996ರಲ್ಲಿ ಬಾಸ್ಟನ್‌ನಲ್ಲೇ ಆಲ್‌ಸ್ಟಾರ್ ಮ್ಯಾಚ್‌ಗೆ ತಂದಿದ್ದು. ಪಕ್ ಒಳಗೆ ಎಲೆಕ್ಟ್ರಾನಿಕ್ಸ್ ತುರುಕಿ, ಟಿವಿಯಲ್ಲಿ ಅದರ ಸುತ್ತ ನೀಲಿ ಬೆಳಕು, ಜೋರಾಗಿ ಹೊಡೆದರೆ ಹಿಂದೆ ಕೆಂಪು ಬಾಲ. ದೀಪಾವಳಿ ರಾಕೆಟ್ ಥರ. ಪಕ್ ಕಾಣಲ್ಲ ಅನ್ನುವವರಿಗೆ ಅಂತ ಮಾಡಿದ್ದು. ಹಾಕಿ ಗೊತ್ತಿದ್ದವರು ಉಗಿದರು, ಗೊತ್ತಿಲ್ಲದವರು ಎರಡು ದಿನ ನೋಡಿ ಮರೆತರು. 1998ಕ್ಕೆ ಕಥೆ ಮುಗಿಯಿತು.

ಆನ್‌ಆರ್ಬರ್_ಅನು

ಪಕ್ ಕಾಣದ ನಾನು ಒಬ್ಬಳೇ ಅಲ್ಲ ಅಂತ ಗೊತ್ತಾಗಿ ಸಮಾಧಾನ ಆಯಿತು.

ಮಿನಿಯಾಪೊಲಿಸ್_ಮಾವ

ನನಗೆ ಓವರ್‌ಟೈಮ್‌ಗಿಂತ ಸಿಟ್ಟು ಬರುವುದು ವಿಡಿಯೊ ರಿವ್ಯೂ. ಕೋಚ್ ಚಾಲೆಂಜ್ ಮಾಡಿದರು, ಇಬ್ಬರು ರೆಫ್ರಿ ಹೆಡ್‌ಸೆಟ್ ಹಾಕಿಕೊಂಡು ಸಣ್ಣ ಸ್ಕ್ರೀನ್ ಮುಂದೆ ಬಗ್ಗಿ ನಿಂತರು. ನಾವು ಐಸ್ ನೋಡುತ್ತಾ ಕೂತೆವು. ನಾನು ಹೋಗಿ ಬಾತ್‌ರೂಮ್ ಮುಗಿಸಿ ಕಾಫಿ ತಗೊಂಡು ಬಂದರೂ ಅವರು ಬಗ್ಗಿಯೇ ಇದ್ದರು. ಯಾರಿಗೋಸ್ಕರ ಇದು? ನ್ಯಾಯ ಬೇಕು ಅನ್ನುವುದಾದರೆ ಕೋರ್ಟಿಗೆ ಹೋಗೋಣ, ಅಲ್ಲಾದರೂ ಹೀಟರ್ ಇರುತ್ತೆ.

ಮ್ಯಾಡಿಸನ್_ಮಂಜುಳ

ಮಾವ ಅವರೇ, ನಿಮ್ಮ ಊರಿನಲ್ಲೇ ನಡೆದ ಮ್ಯಾಚ್ ಮರೆತಿರಾ? 2025ರ ಮಾರ್ಚ್ 23, ಮಹಿಳೆಯರ ಫೈನಲ್, ರಿಡ್ಡರ್ ಅರೀನಾ. ಒಹಾಯೊ ಸ್ಟೇಟ್ 3-2ರಲ್ಲಿ ಮುಂದಿತ್ತು. ಮುಗಿಯಲು ಕೆಲವೇ ಸೆಕೆಂಡು. ನಮ್ಮ ವಿಸ್ಕಾನ್ಸಿನ್ ಕೋಚ್ ಚಾಲೆಂಜ್ ಮಾಡಿದರು, ಗೋಲ್ ಮುಂದೆ ಎದುರು ತಂಡದವಳು ಪಕ್ ಅನ್ನು ಕೈಯಲ್ಲಿ ಮುಚ್ಚಿದಳು ಅಂತ. ರೆಫ್ರಿಗಳು ನೋಡಿದರು, ನೋಡಿದರು, ನೋಡಿದರು. ಪೆನಾಲ್ಟಿ ಶಾಟ್ ಕೊಟ್ಟರು. ಕರ್ಸ್ಟನ್ ಸಿಮ್ಸ್ ಹೋಗಿ ಗೋಲ್ ಹಾಕಿದಳು. ಉಳಿದಿದ್ದು 18.9 ಸೆಕೆಂಡು. ಓವರ್‌ಟೈಮ್‌ನಲ್ಲೂ ಅವಳೇ ಹೊಡೆದಳು. 4-3, ಕಪ್ ನಮ್ಮದು.

ಆ ರಿವ್ಯೂ ನಡೆಯುವಾಗ ನಾನು ಸೋಫಾದಲ್ಲಿ ಕೂತಿರಲಿಲ್ಲ, ದೇವರ ಮನೆಯ ಬಾಗಿಲಲ್ಲಿ ನಿಂತಿದ್ದೆ. ನಮ್ಮ ಯಜಮಾನರು ಕುಕ್ಕರ್ ಆಫ್ ಮಾಡೋದು ಮರೆತರು, ಬೇಳೆ ತಳ ಹಿಡಿಯಿತು. ನಿಮಗೆ ಕಾಫಿ ತರುವಷ್ಟು ಹೊತ್ತು ಇರಬಹುದು, ನನಗೆ ಅದಕ್ಕಿಂತ ಒಳ್ಳೆಯ ನಿಮಿಷಗಳು ಹಾಕಿಯಲ್ಲಿ ಸಿಕ್ಕಿಲ್ಲ.

ಇನ್ನೊಂದು ಮಾತು. 2017ರ ಜನವರಿಯಲ್ಲಿ ನಮ್ಮ ಕೋಲ್ ಸೆಂಟರ್‌ನಲ್ಲಿ ಮಹಿಳೆಯರ ಮ್ಯಾಚ್‌ಗೆ 15,359 ಜನ ಬಂದಿದ್ದರು. ಯಾವ ಹೊಸ ನಿಯಮವೂ ಇರಲಿಲ್ಲ. ಶಾಲೆ ಮಕ್ಕಳು, ಅಪ್ಪ ಅಮ್ಮಂದಿರು, ಅಷ್ಟೇ.

ಮಿನಿಯಾಪೊಲಿಸ್_ಮಾವ

ಮಂಜುಳಮ್ಮ, ಸೋತೆ. ಆ ಒಂದು ರಿವ್ಯೂಗೆ ವಿನಾಯಿತಿ ಕೊಟ್ಟೆ. ಬೇಳೆಗೆ ಸಂತಾಪ.

ಗೋಲಿಯ_ಅಪ್ಪ

ನೀವೆಲ್ಲ ಓವರ್‌ಟೈಮ್, ರಿವ್ಯೂ ಅಂತಿದ್ದೀರಿ. ನಿಜವಾದ ಬದಲಾವಣೆ ಯಾರೂ ಮುಟ್ಟಲಿಲ್ಲ. 2024ರ ನವೆಂಬರ್‌ನಲ್ಲಿ ಎನ್‌ಸಿಎಎ ಒಪ್ಪಿಕೊಂಡು 2025ರ ಆಗಸ್ಟ್ 1ರಿಂದ ಜಾರಿ ಮಾಡಿದ್ದು. ಅಲ್ಲಿವರೆಗೆ ಕೆನಡಾದ ದೊಡ್ಡ ಜೂನಿಯರ್ ಲೀಗ್‌ಗಳಲ್ಲಿ ಆಡಿದವರನ್ನು ವೃತ್ತಿಪರರು ಅಂತ ಲೆಕ್ಕ ಹಾಕಿ ಅಮೆರಿಕದ ಕಾಲೇಜಿಗೆ ಸೇರಿಸುತ್ತಿರಲಿಲ್ಲ. ಒಂದು ಮ್ಯಾಚ್ ಆಡಿದರೂ ಬಾಗಿಲು ಮುಚ್ಚಿದ ಹಾಗೇ. ಈಗ ಬಾಗಿಲು ತೆರೆದಿದೆ. ಕೆನಡಾದ ಜೂನಿಯರ್ ತಾರೆ ಗ್ಯಾವಿನ್ ಮೆಕೆನ್ನಾ ಥರದ ಹುಡುಗ ಪೆನ್ ಸ್ಟೇಟ್‌ಗೆ ಬಂದ.

ನನ್ನ ಮಗನಿಗೆ ಈಗ 16. ಗೋಲಿ. ಆರು ವರ್ಷದಿಂದ ಬೆಳಗ್ಗೆ ಐದಕ್ಕೆ ಎದ್ದು ರಿಂಕ್‌ಗೆ ಬಿಡುತ್ತೇನೆ. ಅವನ ಕಿಟ್ ಬ್ಯಾಗ್ ವಾಸನೆ ಕಾರಿನಿಂದ ಯಾವ ಊದುಬತ್ತಿಗೂ ಹೋಗಲ್ಲ, ನನ್ನ ಹೆಂಡತಿ ಆ ಕಾರಿನಲ್ಲಿ ಮದುವೆಗೆ ಬರುವುದಿಲ್ಲ ಅಂತಾಳೆ. ಕಾಲೇಜು ತಂಡದಲ್ಲಿ ಗೋಲಿಗೆ ಇರುವುದು ಮೂರೋ ನಾಲ್ಕೋ ಜಾಗ. ಈಗ ಆ ಜಾಗಕ್ಕೆ ಕೆನಡಾದ ಇಪ್ಪತ್ತು ವರ್ಷದ, ದೊಡ್ಡ ದೊಡ್ಡ ಮ್ಯಾಚ್ ಆಡಿ ಪಳಗಿದ ಹುಡುಗರೂ ಬರುತ್ತಾರೆ. ಮೊನ್ನೆ ಒಂದು ಕಾಲೇಜಿನ ಕೋಚ್ "ಇನ್ನೆರಡು ವರ್ಷ ಕಾಯಿರಿ, ನೋಡೋಣ" ಅಂದರು. ಹೋದ ವರ್ಷ ಅವರೇ ಬೇರೆ ಮಾತಾಡಿದ್ದರು.

ಆಟದ ಮಟ್ಟ ಏರುತ್ತದೆ, ಒಪ್ಪುತ್ತೇನೆ. ಸ್ಟೇಡಿಯಂ ತುಂಬುತ್ತದೆ, ಅದನ್ನೂ ಒಪ್ಪುತ್ತೇನೆ. ಆದರೆ ಒಬ್ಬ ತಾರೆಯನ್ನು ನೋಡಲು ಬಂದವರು, ಅವನು ಎನ್‌ಎಚ್‌ಎಲ್‌ಗೆ ಹೋದ ಮೇಲೆ ಏನು ಮಾಡುತ್ತಾರೆ?

ಬಾಸ್ಟನ್_ಬಸವ

ಇದಕ್ಕೆ ನನ್ನ ಹತ್ತಿರ ಉತ್ತರ ಇದೆ, ಯಾಕೆಂದರೆ ಇಲ್ಲಿ ನೋಡಿದ್ದೇನೆ. ಮ್ಯಾಕ್ಲಿನ್ ಸೆಲೆಬ್ರಿನಿ ಬಾಸ್ಟನ್ ಯೂನಿವರ್ಸಿಟಿಯಲ್ಲಿ ಆಡಿದ್ದು 2023-24 ಒಂದೇ ಸೀಸನ್. ಮೊದಲ ವರ್ಷದ ಹುಡುಗ, ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೋಬಿ ಬೇಕರ್ ಪ್ರಶಸ್ತಿ ಗೆದ್ದ, ಎನ್‌ಎಚ್‌ಎಲ್ ತಂಡಗಳು ಹೊಸಬರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಮೊದಲನೆಯವನಾಗಿ ಹೋದ. ಆ ವರ್ಷ ನನ್ನ ಆಫೀಸಿನಲ್ಲಿ ಎಲ್ಲರೂ ಟಿಕೆಟ್ ಕೇಳಿದರು. ಮುಂದಿನ ವರ್ಷ ಆ ತಂಡ ಫೈನಲ್‌ಗೆ ಹೋಯಿತು, ವೆಸ್ಟರ್ನ್ ಮಿಷಿಗನ್ ಎದುರು 6-2ರಲ್ಲಿ ಸೋತಿತು. ಆ ಸಲ ನನ್ನನ್ನು ಟಿಕೆಟ್ ಕೇಳಿದವನು ಒಬ್ಬನೇ. ಅವನೂ ಹಿಂದಿನ ವರ್ಷ ನನ್ನ ಹತ್ತಿರ ಸಾಲ ತಗೊಂಡಿದ್ದವನು, ಮಾತಿಗೆ ಕೇಳಿದ ಅನ್ನಿಸುತ್ತೆ.

ಆನ್‌ಆರ್ಬರ್_ಅನು

ಗೋಲಿಯ ಅಪ್ಪ ಅವರೇ, ನಿಮ್ಮ ಮಗನಿಗೆ ಒಳ್ಳೆಯದಾಗಲಿ. ಅವನಿಗೆ ಯಾರೂ ಜರಡಿ ಅನ್ನದೇ ಇರಲಿ.

ನಿಯಮ ಅಂದರೆ ಬರೀ ಕೆಟ್ಟದ್ದು ಅನ್ನುವ ಹಾಗೆ ಮಾತಾಡುತ್ತಿದ್ದೇವೆ. ಕಾಲೇಜಿನಲ್ಲಿ ಕೈ ಕೈ ಮಿಲಾಯಿಸಿದರೆ ಆ ಮ್ಯಾಚ್‌ನಿಂದಲೂ ಔಟ್, ಮುಂದಿನ ಮ್ಯಾಚ್‌ಗೂ ಇಲ್ಲ. ಅದಕ್ಕೇ ಎನ್‌ಎಚ್‌ಎಲ್ ಥರ ಗ್ಲವ್ಸ್ ಬಿಸಾಕಿ ಹೊಡೆದಾಡುವುದು ಇಲ್ಲಿ ಅಪರೂಪ. ಮುಖಕ್ಕೆ ಪೂರ್ತಿ ಜಾಲರಿ ಅಥವಾ ಶೀಲ್ಡ್ ಕಡ್ಡಾಯ. ಹೊಡೆದಾಟ ನೋಡಲು ಬರುವವರು ಇಲ್ಲಿಗೆ ಬರಲ್ಲ, ಬಸವ ಸರ್ ಮಗಳನ್ನು ಕರೆದುಕೊಂಡು ಬರ್ತಾರೆ. ಅದೂ ಪ್ರೇಕ್ಷಕರನ್ನು ಆರಿಸುವ ನಿಯಮವೇ ಅಲ್ವಾ?

ರೂಲ್‌ಬುಕ್_ರಾಯರು

ಅನು ಅವರ ಮಾತಿಗೆ ನನ್ನ ಪೂರ್ತಿ 3 ಪಾಯಿಂಟ್. ಶೂಟ್‌ಔಟ್ ಬೇಡ.

ಇಥಾಕ_ಈರಣ್ಣ

ಸರಿಯಾದ ಪ್ರೇಕ್ಷಕರು ಬೇಕು ಅಂದರೆ ನಮ್ಮ ಕಾರ್ನೆಲ್ ಯೂನಿವರ್ಸಿಟಿಗೆ ಬನ್ನಿ. ಎದುರು ತಂಡದ ಹೆಸರು ಓದುವಾಗ ಎಲ್ಲರೂ ಪೇಪರ್ ಬಿಡಿಸಿ ಮುಖಕ್ಕೆ ಹಿಡಿದು ಓದುತ್ತಾರೆ, ನಿಮ್ಮನ್ನ ನೋಡುವುದಕ್ಕೆ ಪುರುಸೊತ್ತಿಲ್ಲ ಅನ್ನುವ ಹಾಗೆ. ಹಾರ್ವರ್ಡ್ ಬಂದರೆ ಐಸ್ ಮೇಲೆ ಮೀನು ಎಸೆಯುತ್ತಾರೆ. ನಿಜವಾದ ಮೀನು. 1970ರ ದಶಕದಲ್ಲಿ ಹಾರ್ವರ್ಡ್ ಕಡೆಯವರು ಕೋಳಿ ಎಸೆದಿದ್ದಕ್ಕೆ ಉತ್ತರವಂತೆ. ಆಟ ಶುರುವಾದ ಮೇಲೆ ಎಸೆದರೆ ನಮ್ಮ ತಂಡಕ್ಕೇ ಪೆನಾಲ್ಟಿ, ಹಾಗಾಗಿ ಎಲ್ಲಾ ಎಸೆತ ಮೊದಲೇ ಮುಗಿಸಬೇಕು.

ಮಲ್ಪೆ_ಬಂದರು

ಮೀನು ಎಸೆಯುತ್ತಾರಾ??? ಯಾವ ಮೀನು? ಇಲ್ಲಿ ಬಂಗುಡೆ ರೇಟು ಕೇಳಿದರೆ ಎದೆ ಒಡೆಯುತ್ತದೆ. ಒಂದು ಮಾತು ಹೇಳಿದ್ದರೆ ನಾನೇ ಬಂದು ಹಿಡಿಯುತ್ತಿದ್ದೆ. ಇವರು ಸರಿಯಾದ ಪ್ರೇಕ್ಷಕರಂತೆ!

ಮಂಡ್ಯದ್_ಹೈದ

ಇಡೀ ಚರ್ಚೆಯಲ್ಲಿ ಮಲ್ಪೆಯವರ ತಕರಾರು ಒಂದೇ ನ್ಯಾಯವಾದದ್ದು.

ಬಾಸ್ಟನ್_ಬಸವ

ಒಂದು ಕಥೆ ಹೇಳಿ ಮುಗಿಸುತ್ತೇನೆ. ಫೆಬ್ರವರಿಯ ಮೊದಲ ಎರಡು ಸೋಮವಾರ ಇಲ್ಲಿ ಬೀನ್‌ಪಾಟ್ ಅನ್ನುವ ಟೂರ್ನಮೆಂಟ್ ನಡೆಯುತ್ತದೆ. ಬಾಸ್ಟನ್ ಯೂನಿವರ್ಸಿಟಿ, ಬಾಸ್ಟನ್ ಕಾಲೇಜ್, ಹಾರ್ವರ್ಡ್, ನಾರ್ತ್‌ಈಸ್ಟರ್ನ್, ಊರಿನ ನಾಲ್ಕೇ ತಂಡ, 1952ರಿಂದ. 2023ರ ಫೈನಲ್ ನೋಡಲು ಹೋಗಿದ್ದೆ. ಹಾರ್ವರ್ಡ್ ಮತ್ತು ನಾರ್ತ್‌ಈಸ್ಟರ್ನ್, 2-2. ಮೂರು ಮೂರು ಜನರ ಓವರ್‌ಟೈಮ್‌ನಲ್ಲೂ ಗೋಲ್ ಇಲ್ಲ, ಕಪ್ ನಿರ್ಧಾರ ಆಗಿದ್ದು ಶೂಟ್‌ಔಟ್‌ನಲ್ಲಿ. ನಾರ್ತ್‌ಈಸ್ಟರ್ನ್ ಗೆದ್ದಿತು.

ನನ್ನ ಪಕ್ಕದಲ್ಲಿ ಕೂತಿದ್ದ ಅಜ್ಜ ಚಪ್ಪಾಳೆ ತಟ್ಟಲಿಲ್ಲ, ಬೈಯಲೂ ಇಲ್ಲ. ಸುಮ್ಮನೆ ಟೋಪಿ ಹಾಕಿಕೊಂಡರು. 1978ರ ಫೆಬ್ರವರಿ 6ರಂದು ಹಿಮಗಾಳಿ ಬಂದು ಊರೇ ಮುಚ್ಚಿಹೋಯಿತಲ್ಲ, ಆ ರಾತ್ರಿ ಬೀನ್‌ಪಾಟ್ ನೋಡಲು ಹೋಗಿ ಹಳೇ ಬಾಸ್ಟನ್ ಗಾರ್ಡನ್ ಕ್ರೀಡಾಂಗಣದ ಒಳಗೇ ಸಿಕ್ಕಿಹಾಕಿಕೊಂಡವರಲ್ಲಿ ತಾನೂ ಒಬ್ಬ ಅಂತ ಅವರು ನನಗೆ ಇಂಟರ್ವಲ್‌ನಲ್ಲಿ ಹೇಳಿದ್ದರು. ಬೆಂಚಿನ ಮೇಲೆ ಮಲಗಿದ್ದು, ಹಾಟ್‌ಡಾಗ್ ಖಾಲಿಯಾಗುವವರೆಗೂ ಅದನ್ನೇ ತಿಂದಿದ್ದು.

"ಇದು ನಿಮಗೆ ಇಷ್ಟ ಆಯ್ತಾ?" ಅಂತ ಶೂಟ್‌ಔಟ್ ಬಗ್ಗೆ ಕೇಳಿದೆ. "ಇಲ್ಲ" ಅಂದರು. "ಮುಂದಿನ ವರ್ಷ ಬರ್ತೀರಾ?" ಅಂದೆ. ನನ್ನನ್ನು ಹುಚ್ಚನ ಥರ ನೋಡಿ, "ಫೆಬ್ರವರಿಯಲ್ಲಿ ಸೋಮವಾರ ಇರುತ್ತಲ್ಲ" ಅಂದರು.

ಗೋಲಿಯ_ಅಪ್ಪ

ನಿಯಮ ಏನೇ ಮಾಡಿದರೂ ಅವರು ಬರ್ತಾರೆ ಅಂತ ಗೊತ್ತಿರುವುದರಿಂದಲೇ ಅವರನ್ನು ಯಾರೂ ಕೇಳುವುದಿಲ್ಲ ಬಸವ ಅವರೇ.

ಬಾಸ್ಟನ್_ಬಸವ

ಹೂಂ.

ಕೊಡಗಿನ_ಕಾಫಿ

ನಮ್ಮ ತಂದೆಗೆ ಈ ಚರ್ಚೆ ಓದಿ ಹೇಳಿದೆ. ಆರು ಜನ ಆಡುವ ಐಸ್ ಹಾಕಿ ತೋರಿಸು ಅಂತ ಕೂತಿದ್ದಾರೆ. ಯಾರಾದರೂ ಲಿಂಕ್ ಕಳಿಸಿ.

ಆನ್‌ಆರ್ಬರ್_ಅನು

ಕಳಿಸಿದೆ, ಮೆಸೇಜ್ ನೋಡಿ. ಮೊದಲು ಐದೈದು ಜನರದ್ದು ತೋರಿಸಬೇಡಿ, ಪಕ್ ಕಾಣಲ್ಲ.

ಸ್ಪಾರ್ಟನ್_ಶೆಟ್ರು

ಅಂದ ಹಾಗೆ ಬರುವ ತಿಂಗಳು ಮಿಷಿಗನ್ ಎದುರು ನಮ್ಮ ಮ್ಯಾಚ್ ಇದೆ, ಎರಡು ಟಿಕೆಟ್ ಜಾಸ್ತಿ ಇದೆ. ಅನು, ಬರ್ತೀರಾದರೆ ಹೇಳಿ, ಆದರೆ ನಮ್ಮ ಹಸಿರು ಕಡೆ ಕೂರಬೇಕು. ಮನೆಯವಳು ಚಪಾತಿ ಪಲ್ಯ ಮಾಡಿಕೊಡುತ್ತಾಳೆ.

ಆನ್‌ಆರ್ಬರ್_ಅನು

ಬರ್ತೀನಿ. ನಮ್ಮ ಮಿಷಿಗನ್ ಹಳದಿ ಸ್ವೆಟರ್ ಹಾಕಿಕೊಂಡೇ ಬರ್ತೀನಿ. ಚಪಾತಿ ಒಳಗೆ ಬಿಡ್ತಾರಾ?

ಸ್ಪಾರ್ಟನ್_ಶೆಟ್ರು

ಬಿಡಲ್ಲ. ಪಾರ್ಕಿಂಗ್‌ನಲ್ಲೇ ತಿಂದು ಹೋಗೋಣ, ಆರೂವರೆಗೆ ಬನ್ನಿ. ಸ್ವೆಟರ್ ವಿಷಯ ಅಲ್ಲೇ ಮಾತಾಡೋಣ.